ಹಳೆ ಜೀಪ್ ಪಿಕಪ್: ಸ್ಟೇರಿಂಗ್ ನಡುಕ, ಬ್ರೇಕ್ ಎಳೆತ — ದೋಷ ಹುಡುಕುವ ಕೈಪಿಡಿ

ವಿಲ್ಲೀಸ್ ಕಂಪನಿ 1953ರಲ್ಲಿ ತಂದ ಸಿಜೆ3ಬಿ ಜೀಪನ್ನು ಮಹೀಂದ್ರ ನಮ್ಮಲ್ಲಿ ದಶಕಗಳ ಕಾಲ ತಯಾರಿಸಿತು. ಹಿಂಭಾಗಕ್ಕೆ ತೊಟ್ಟಿ ಕೂರಿಸಿಕೊಂಡ ಅಂಥ ಗಾಡಿಗಳು ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ಕಾಫಿ ತೋಟಗಳಲ್ಲಿ ಗೊಬ್ಬರ, ಕೂಲಿಯವರು, ಕಾಫಿ ಚೀಲ ಎಲ್ಲವನ್ನೂ ಹೊತ್ತಿವೆ. ಈ ಕೈಪಿಡಿ ಮುಂದಿನ ಆಕ್ಸಲ್ಲಿಗೂ ಡ್ರೈವ್ ಇರುವ, ಅಂದರೆ ಫೋರ್ ವೀಲ್ ಡ್ರೈವ್ ಗಾಡಿಗೆ. ಮುಂದಿನ ಆಕ್ಸಲ್ ಸ್ಪೈಸರ್ 25, ಸ್ಟೇರಿಂಗ್ ಬಾಕ್ಸ್ ರಾಸ್ ಕ್ಯಾಮ್ ಅಂಡ್ ಲಿವರ್, ಬ್ರೇಕ್ ನಾಲ್ಕೂ ಕಡೆ 9 ಇಂಚಿನ ಡ್ರಮ್. ಆಮೇಲಿನ ಮಾದರಿಗಳ ದೊಡ್ಡ ಡ್ರಮ್ಮುಗಳನ್ನು ಎಷ್ಟೋ ಹಳೆ ಗಾಡಿಗಳಿಗೆ ಹಾಕಿಬಿಟ್ಟಿರುತ್ತಾರೆ. ಹಾಗಾಗಿ ಡ್ರಮ್ ಬಿಚ್ಚಿ ಅಳತೆ ನೋಡದೆ ಯಾವ ಸಾಮಾನನ್ನೂ ತರಬೇಡಿ.

ಸ್ಟೇರಿಂಗ್ ಆಡುತ್ತಿದೆ ಎಂದು ಗಾಡಿ ತಂದರೆ ಹೆಚ್ಚಿನ ಗ್ಯಾರೇಜುಗಳಲ್ಲಿ ಮೊದಲು ಕೈ ಹೋಗುವುದು ಸ್ಟೇರಿಂಗ್ ಬಾಕ್ಸಿನ ಅಡ್ಜಸ್ಟಿಂಗ್ ಸ್ಕ್ರೂಗೆ. ಅದು ಕೊನೆಗೆ ಮುಟ್ಟಬೇಕಾದ ಜಾಗ. ಚಕ್ರದಿಂದ ಶುರು ಮಾಡಿ ಒಳಕ್ಕೆ ಬನ್ನಿ. ಹಾಗೆ ಬಂದರೆ ಬಾಕ್ಸ್ ತಲುಪುವ ಮೊದಲೇ ಬಹುತೇಕ ದೋಷಗಳು ಸಿಕ್ಕಿಬಿಡುತ್ತವೆ.

ಗಾಡಿ ಉರುಳದಂತೆ

ಈ ಜೀಪಿನ ಹ್ಯಾಂಡ್ ಬ್ರೇಕ್ ಚಕ್ರವನ್ನು ಹಿಡಿಯುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಆಕ್ಸಲ್ಲಿಗೆ ಬಲ ಹಂಚುವ ಪೆಟ್ಟಿಗೆ) ಹಿಂಬದಿಯಲ್ಲಿ, ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಹೊರಡುವ ಜಾಗದಲ್ಲಿ ಅದರ ಡ್ರಮ್ ಇದೆ. ಹಿಂದಿನ ಒಂದು ಚಕ್ರವನ್ನು ಜಾಕಿಯಲ್ಲಿ ಎತ್ತಿದರೆ ಡಿಫರೆನ್ಷಿಯಲ್ ಆ ಚಕ್ರವನ್ನು ಸುತ್ತಲು ಬಿಡುತ್ತದೆ. ಹ್ಯಾಂಡ್ ಬ್ರೇಕ್ ಎಳೆದಿದ್ದರೂ ಗಾಡಿ ಉರುಳುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದರಂತೂ ಹ್ಯಾಂಡ್ ಬ್ರೇಕ್ ಇದ್ದೂ ಇಲ್ಲದಂತೆ. ನೆಲದ ಮೇಲಿರುವ ಚಕ್ರಗಳಿಗೆ ಎರಡೂ ಬದಿಯಿಂದ ಮರದ ಅಡೆ ಕೊಡಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಜಾಕಿಯೊಂದನ್ನೇ ನಂಬಿ ಗಾಡಿಯಡಿ ತಲೆ ಹಾಕಬೇಡಿ.

ಎಡಗಡೆ ಚಕ್ರದ ನಟ್ಟುಗಳಿಗೆ ಉಲ್ಟಾ ಥ್ರೆಡ್ ಇರುತ್ತದೆ. ಗೊತ್ತಿಲ್ಲದವರು ಪೈಪ್ ಹಾಕಿ ಬಲ ಕೊಟ್ಟು ಸ್ಟಡ್ಡನ್ನೇ ಮುರಿಯುತ್ತಾರೆ. ಯಾರಾದರೂ ಹಬ್ ಬದಲಿಸಿದ್ದರೆ ಈ ಲೆಕ್ಕ ತಪ್ಪಿರಬಹುದು, ಥ್ರೆಡ್ ನೋಡಿಯೇ ಸ್ಪ್ಯಾನರ್ ತಿರುಗಿಸಿ.

ಲಕ್ಷಣ ಯಾವಾಗ ಬರುತ್ತದೆ?

ಬಿಚ್ಚುವ ಮೊದಲು ಗಾಡಿ ಓಡಿಸುವವರನ್ನು ಕೇಳಿ: ಬ್ರೇಕ್ ತುಳಿದಾಗ ಮಾತ್ರವೋ, ತುಳಿಯದಿದ್ದರೂ ಇದೆಯೋ? ಬ್ರೇಕ್ ತುಳಿದಾಗ ಮಾತ್ರ ಒಂದು ಕಡೆಗೆ ಎಳೆದರೆ ಡ್ರಮ್ಮಿನಿಂದ ಶುರು ಮಾಡಿ. ಸುಮ್ಮನೆ ಓಡುವಾಗಲೂ ಎಳೆದರೆ ಮೊದಲು ಎರಡೂ ಮುಂದಿನ ಟೈರಿನ ಗಾಳಿ ಸಮ ಇದೆಯೇ ನೋಡಿ, ಆಮೇಲೆ ಚಕ್ರಗಳನ್ನು ಕೈಯಿಂದ ಸುತ್ತಿ ಯಾವುದಾದರೂ ಬ್ರೇಕ್ ಹಿಡಿದುಕೊಂಡಿದೆಯೇ ನೋಡಿ. ಹಂಪೋ ಗುಂಡಿಯೋ ಹಾರಿದ ಮೇಲೆ 40–50 ಕಿ.ಮೀ. ವೇಗದಲ್ಲಿ ಸ್ಟೇರಿಂಗ್ ಜೋರಾಗಿ ನಡುಗಲು ಶುರುವಾಗಿ, ಗಾಡಿ ನಿಧಾನ ಮಾಡುವವರೆಗೂ ನಿಲ್ಲದಿದ್ದರೆ ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಗೂಟದ, ಅಂದರೆ ಕಿಂಗ್ ಪಿನ್ನಿನ, ಬೇರಿಂಗಿನ ಮೇಲೆ ಮೊದಲ ಅನುಮಾನ. ನಡುಕ ಇಲ್ಲ, ಆದರೆ ನೇರ ರಸ್ತೆಯಲ್ಲೂ ಸ್ಟೇರಿಂಗನ್ನು ಆ ಕಡೆ ಈ ಕಡೆ ತಿದ್ದುತ್ತಲೇ ಇರಬೇಕು ಎಂದರೆ ಸ್ಟೇರಿಂಗ್ ಬಾಕ್ಸಿನಿಂದ ಚಕ್ರದವರೆಗಿನ ಲಿಂಕುಗಳನ್ನು ನೋಡಿ: ಬೆಲ್ ಕ್ರ್ಯಾಂಕ್, ಟೈ ರಾಡ್ ಎಂಡ್, ಡ್ರ್ಯಾಗ್ ಲಿಂಕ್.

ಬೇರಿಂಗೋ ಕಿಂಗ್ ಪಿನ್ನೋ

ಮುಂದಿನ ಚಕ್ರ ಎತ್ತಿ, ಟೈರಿನ ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಒಳಕ್ಕೂ ಹೊರಕ್ಕೂ ಅಲುಗಿಸಿ. ಆಟ ಇದ್ದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲುಗಿಸಿ. ಬ್ರೇಕ್ ಒತ್ತಿದಾಗ ಡ್ರಮ್ಮು, ಬ್ಯಾಕ್ ಪ್ಲೇಟು, ಸ್ಪಿಂಡಲ್ ಎಲ್ಲ ಒಂದಾಗಿಬಿಡುತ್ತವೆ, ವೀಲ್ ಬೇರಿಂಗಿನ ಆಟ ಕಾಣಿಸುವುದಿಲ್ಲ. ಆಗ ಆಟ ಮಾಯವಾದರೆ ದೋಷ ವೀಲ್ ಬೇರಿಂಗಿನಲ್ಲಿ. ಆಗಲೂ ಉಳಿದಿದ್ದರೆ ಕಿಂಗ್ ಪಿನ್ನಿನಲ್ಲಿ. ಒಂದು ನಿಮಿಷದ ಈ ಪರೀಕ್ಷೆ ಮಾಡದೆ ಬೇರಿಂಗ್ ಬದಲಿಸಿ ದುಡ್ಡು ಕಳೆದುಕೊಂಡವರು ಬಹಳ.

ವೀಲ್ ಬೇರಿಂಗ್ ಬಿಗಿ ಮಾಡುವುದು ಸುಲಭ. ಡ್ರೈವ್ ಫ್ಲ್ಯಾಂಜ್ ತೆಗೆದು, ಲಾಕ್ ವಾಷರಿನ ಮಡಿಕೆ ನೆಟ್ಟಗೆ ಮಾಡಿ, ಹೊರಗಿನ ನಟ್ ಬಿಚ್ಚಿ. ಒಳಗಿನ ನಟ್ಟನ್ನು ಚಕ್ರ ಸುತ್ತುತ್ತಲೇ ಅದು ಹಿಡಿಯುವವರೆಗೆ ಬಿಗಿ ಮಾಡಿ, ನಂತರ ಸುಮಾರು 1/6 ಸುತ್ತು ಹಿಂದಕ್ಕೆ ತನ್ನಿ. ಚಕ್ರ ಸಲೀಸಾಗಿ ಸುತ್ತಬೇಕು, ಆಟ ಇರಬಾರದು. ಈ ನಟ್ಟಿಗೆ 2 1/16 ಇಂಚಿನ ಪೈಪ್ ಸ್ಪ್ಯಾನರ್ ಬೇಕು. ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದು ಬಿಗಿ ಮಾಡಿದ ನಟ್ಟುಗಳು ಎಲ್ಲ ಹಳೆ ಜೀಪುಗಳಲ್ಲೂ ಸಿಗುತ್ತವೆ. ಅಂಚು ಸವೆದಿದ್ದರೆ ಬದಲಿಸಿ, ಇಲ್ಲದಿದ್ದರೆ ಮುಂದಿನವರಿಗೂ ಉಳಿಯೇ ಗತಿ. ಲಾಕ್ ವಾಷರ್ ಮಾತ್ರ ಪ್ರತಿಸಲವೂ ಹೊಸದು.

ಕಿಂಗ್ ಪಿನ್ ಶಿಮ್

ನಡುಕದ ಮೂಲ ಹೆಚ್ಚಾಗಿ ಇರುವುದು ಇಲ್ಲೇ, ಹಾಗಾಗಿ ಇದನ್ನು ಅವಸರದಲ್ಲಿ ಮಾಡಬೇಡಿ.

ಲಾರಿಯ ಐ-ಬೀಮ್ ಆಕ್ಸಲ್ಲಿನಲ್ಲಿ ಇರುವಂತೆ ಇಲ್ಲಿ ಬುಷ್ ಇಲ್ಲ. ಮುಚ್ಚಿದ ನಕಲ್ಲಿನ (ಆಕ್ಸಲ್ ತುದಿಯಲ್ಲಿ ಚಕ್ರದೊಡನೆ ಎಡಬಲಕ್ಕೆ ತಿರುಗುವ ಭಾಗ) ಮೇಲೊಂದು ಕೆಳಗೊಂದು ಟೇಪರ್ ರೋಲರ್ ಬೇರಿಂಗ್ ಇವೆ. ಅವುಗಳ ಬಿಗಿ ನಿರ್ಧಾರವಾಗುವುದು ಕ್ಯಾಪ್ ಕೆಳಗಿನ ಶಿಮ್ಮುಗಳಿಂದ, ಅಂದರೆ ತೆಳು ತಗಡಿನ ಬಿಲ್ಲೆಗಳಿಂದ. ಶಿಮ್ಮುಗಳು 0.003, 0.005, 0.010, 0.030 ಇಂಚು ದಪ್ಪದವು. ಬೇರಿಂಗ್ ಸವೆದಂತೆ ಬಿಗಿ ಕಳೆದುಹೋಗುತ್ತದೆ. ಕಣ್ಣಿಗೆ ಕಾಣುವ ಆಟ ಇರಲೇಬೇಕೆಂದಿಲ್ಲ. ಆಟವೇ ಇಲ್ಲದೆ, ಬಿಗಿಯೂ ಇಲ್ಲದೆ ಇದ್ದಾಗಲೂ ನಡುಕ ಬರುತ್ತದೆ. ಬೇರಿಂಗಿನ ಈ ಬಿಗಿಯೇ ನಡುಕವನ್ನು ತಡೆಯುವ ಶಕ್ತಿ.

ಅಳೆಯುವ ಕ್ರಮ ಹೀಗೆ. ಚಕ್ರ ಎತ್ತಿ, ಟೈ ರಾಡನ್ನು ನಕಲ್ ಆರ್ಮಿನಿಂದ ಬಿಡಿಸಿ. ಆಕ್ಸಲ್ ತುದಿಯ ಗೋಳದ ಸುತ್ತ ಇರುವ ಫೆಲ್ಟ್, ರಬ್ಬರ್ ಸೀಲುಗಳನ್ನೂ ತೆಗೆಯಿರಿ. ಸೀಲ್ ಇದ್ದರೆ ಅದರ ಉಜ್ಜಾಟವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ನಕಲ್ ಆರ್ಮಿನಲ್ಲಿ ಟೈ ರಾಡ್ ಕೂರುವ ತೂತಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ (ಮೀನಂಗಡಿಯ ತಕ್ಕಡಿಯಾದರೂ ನಡೆಯುತ್ತದೆ), ಆರ್ಮಿಗೆ ಲಂಬವಾಗಿ ಎಳೆಯಿರಿ. ನಕಲ್ ತಿರುಗುತ್ತಿರುವಾಗಿನ ಅಂಕಿ 12ರಿಂದ 16 ಪೌಂಡ್, ಅಂದರೆ ಸುಮಾರು 5.4ರಿಂದ 7.3 ಕಿಲೋ ಇರಬೇಕು. ಕಡಿಮೆ ಬಂದರೆ ಶಿಮ್ ತೆಗೆಯಬೇಕು, ಜಾಸ್ತಿ ಬಂದರೆ ಸೇರಿಸಬೇಕು.

ತೆಗೆಯುವುದಾದರೆ ಮೇಲಿನಿಂದಷ್ಟೇ ತೆಗೆಯಬೇಡಿ. ಮೇಲೆ ಕೆಳಗೆ ಶಿಮ್ಮಿನ ದಪ್ಪ ಆದಷ್ಟು ಸಮ ಇದ್ದರೆ ಮಾತ್ರ ಆಕ್ಸಲ್ ಶಾಫ್ಟಿನ ಜಾಯಿಂಟ್ ನಕಲ್ಲಿನ ನಡುವಿಗೆ ಬರುತ್ತದೆ. ಬಿಚ್ಚುವಾಗಲೇ ಮೇಲಿನ ಶಿಮ್ ಒಂದು ತಂತಿಯಲ್ಲಿ, ಕೆಳಗಿನದು ಇನ್ನೊಂದರಲ್ಲಿ ಪೋಣಿಸಿಟ್ಟುಕೊಳ್ಳಿ. ಹಾಲಿನ ಪುಡಿ ಡಬ್ಬದ ತಗಡು ಕತ್ತರಿಸಿ ಶಿಮ್ ಮಾಡುವ ಚಾಳಿ ಇದೆ. ಅದರ ಅಂಚಿನ ಮುಳ್ಳು ಕ್ಯಾಪನ್ನು ಓರೆ ಕೂರಿಸುತ್ತದೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಿಗಿ ಮತ್ತೆ ಹೋಗಿರುತ್ತದೆ.

ಬೇರಿಂಗ್ ಹೊರಬಂದಾಗ ಕಪ್ಪಿನ (ರೋಲರುಗಳು ಓಡುವ ಹೊರಗಿನ ಬಳೆ) ಒಳಮೈಯನ್ನು ಒರೆಸಿ ಬೆಳಕಿಗೆ ಹಿಡಿಯಿರಿ. ಗಾಡಿ ಬಹುತೇಕ ನೇರವೇ ಓಡುವುದರಿಂದ ರೋಲರುಗಳು ಒಂದೇ ಜಾಗದಲ್ಲಿ ಏಟು ತಿಂದು ಕಪ್ಪಿನ ಮೇಲೆ ಸಣ್ಣ ಸಣ್ಣ ಗೆರೆ ಗುಳಿಗಳನ್ನು ಮಾಡಿರುತ್ತವೆ. ಉಗುರು ಎಳೆದರೆ ಕಟಕಟ ಸಿಗುತ್ತದೆ. ಹೀಗಾದ ಗಾಡಿಯ ಸ್ಟೇರಿಂಗ್ ನೇರಕ್ಕೆ ಬಂದಾಗ ಒಂದು ಹಳ್ಳದಲ್ಲಿ ಕೂತಂತೆ ನಿಲ್ಲುತ್ತದೆ, ಆಮೇಲೆ ಜರ್ಕ್ ಕೊಟ್ಟು ಏಳುತ್ತದೆ. ಇಂಥ ಕಪ್ಪಿಗೆ ಎಷ್ಟು ಶಿಮ್ ತೆಗೆದರೂ ಉಪಯೋಗವಿಲ್ಲ. ಬೇರಿಂಗನ್ನೂ ಕಪ್ಪನ್ನೂ ಜೊತೆಯಾಗಿಯೇ ಬದಲಿಸಬೇಕು, ಹಳೆ ಕಪ್ಪಿಗೆ ಹೊಸ ಬೇರಿಂಗ್ ಹಾಕಿದರೆ ಹೊಸದೂ ಹಾಳು.

16 ಪೌಂಡಿಗಿಂತ ಬಿಗಿಯಾದರೆ ಇನ್ನೊಂದು ತೊಂದರೆ: ತಿರುವಿನ ನಂತರ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಘಾಟಿ ರಸ್ತೆಯಲ್ಲಿ ಓಡಿಸುವವರ ತೋಳು ಬಿದ್ದುಹೋಗುತ್ತದೆ.

ಲಿಂಕುಗಳು

ಗಾಡಿ ನೆಲದ ಮೇಲಿರಲಿ. ಒಬ್ಬರು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ಆಡಿಸುತ್ತಿರಲಿ, ಇನ್ನೊಬ್ಬರು ಕೆಳಗೆ ಪ್ರತಿಯೊಂದು ಜೋಡಣೆಯ ಮೇಲೂ ಬೆರಳಿಟ್ಟು ನೋಡಲಿ. ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತದೆ: ಜೋಡಣೆಯ ಎರಡು ಭಾಗಗಳು ಒಟ್ಟಿಗೆ ಚಲಿಸದೆ ಒಂದು ಮೊದಲು ಒಂದು ಆಮೇಲೆ ಚಲಿಸಿದರೆ ಅದು ಸವೆದಿದೆ.

ಈ ಜೀಪಿನಲ್ಲಿ ಸ್ಟೇರಿಂಗ್ ಬಾಕ್ಸಿನಿಂದ ಡ್ರ್ಯಾಗ್ ಲಿಂಕ್ ನಡುವಿನ ಬೆಲ್ ಕ್ರ್ಯಾಂಕಿಗೆ ಬರುತ್ತದೆ, ಅಲ್ಲಿಂದ ಎರಡು ಟೈ ರಾಡ್ ಎರಡು ಚಕ್ರಕ್ಕೆ ಹೋಗುತ್ತವೆ. ಬೆಲ್ ಕ್ರ್ಯಾಂಕ್ ಕೂರುವುದು ನೀಡಲ್ ಬೇರಿಂಗ್ ಮೇಲೆ. ಗ್ರೀಸ್ ಕಾಣದೆ ವರ್ಷಗಟ್ಟಲೆ ಕೆಸರಿನಲ್ಲಿ ಓಡಿದರೆ ನೀಡಲ್ ಪುಡಿಯಾಗಿ ಶಾಫ್ಟ್ ಒಂದು ಕಡೆ ತಿಂದುಹೋಗಿರುತ್ತದೆ. ಶಾಫ್ಟ್, ಬೇರಿಂಗ್, ಸೀಲ್ ಸೇರಿ ಕಿಟ್ ಸಿಗುತ್ತದೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೆ ಜೀಪಿನ ಸಾಮಾನು ಮಾರುವವರಲ್ಲಿ ಕೇಳಿ. ಶಾಫ್ಟ್ ಹಿಡಿಯುವ ಬ್ರ್ಯಾಕೆಟ್ ಬಿರುಕು ಬಿಟ್ಟಿದ್ದರೆ ಕಿಟ್ ಹಾಕಿಯೂ ಆಟ ಹೋಗುವುದಿಲ್ಲ. ಬ್ರ್ಯಾಕೆಟ್ಟಿನ ಬುಡವನ್ನು ವೈರ್ ಬ್ರಷ್ಷಿನಿಂದ ಉಜ್ಜಿ ನೋಡಿ.

ಡ್ರ್ಯಾಗ್ ಲಿಂಕಿನ ತುದಿಯಲ್ಲಿ ಗುಂಡು, ಅದನ್ನು ಒತ್ತುವ ಸ್ಪ್ರಿಂಗ್, ಕೊನೆಗೆ ಸ್ಕ್ರೂ ಪ್ಲಗ್. ಪ್ಲಗ್ಗನ್ನು ಗುಂಡಿಗೆ ಒತ್ತುವವರೆಗೆ ಬಿಗಿ ಮಾಡಿ ಅರ್ಧದಿಂದ ಒಂದು ಸುತ್ತು ಹಿಂದಕ್ಕೆ ತಂದು ಸ್ಪ್ಲಿಟ್ ಪಿನ್ ಹಾಕಿ. ಪೂರ್ತಿ ಬಿಗಿಯಲ್ಲೇ ಬಿಟ್ಟರೆ ಗುಂಡಿಗೆ ಅಲುಗಲು ಜಾಗ ಸಿಗದೆ ಅದರ ಕತ್ತಿನ ಮೇಲೆ ಭಾರ ಬೀಳುತ್ತದೆ.

ಲೀಫ್ ಸ್ಪ್ರಿಂಗಿನ ಯು-ಬೋಲ್ಟ್ ಸಡಿಲವಾಗಿದ್ದರೆ ಬ್ರೇಕ್ ಹಾಕಿದಾಗ ಆಕ್ಸಲ್ಲೇ ಜರುಗುತ್ತದೆ, ಜನ ಬ್ರೇಕ್ ಎಳೆಯುತ್ತಿದೆ ಎನ್ನುತ್ತಾರೆ. ಸ್ಪ್ರಿಂಗಿನ ಸೆಂಟರ್ ಬೋಲ್ಟ್ ತುಂಡಾಗಿದ್ದರೂ ಇದೇ ಲಕ್ಷಣ.

ಇಷ್ಟೆಲ್ಲ ಸರಿಯಾದ ಮೇಲೆ ಸ್ಟೇರಿಂಗ್ ಬಾಕ್ಸ್. ಡ್ರ್ಯಾಗ್ ಲಿಂಕ್ ಬಿಡಿಸಿ, ಸ್ಟೇರಿಂಗನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಸುತ್ತು ಎಣಿಸಿ ಸರಿ ನಡುವಿಗೆ ತನ್ನಿ. ಕಾಲಂ ಮೇಲಕ್ಕೂ ಕೆಳಕ್ಕೂ ಆಡುತ್ತಿದ್ದರೆ ಮೊದಲು ಕ್ಯಾಮಿನ ಶಿಮ್ ಸರಿಮಾಡಬೇಕು. ಆಮೇಲೆ ಪಕ್ಕದ ಕವರಿನ ಸ್ಕ್ರೂ, ನಡುವಿನ ಸ್ಥಾನದಲ್ಲಿ ಬಹಳ ಸಣ್ಣ ಹಿಡಿತ ಬರುವಷ್ಟು ಮಾತ್ರ. ಕ್ಯಾಮಿನ ನಡುಭಾಗ ಬಿಗಿಯಾಗಿರುವಂತೆಯೇ ಕೊರೆದಿರುತ್ತಾರೆ. ತಿರುಗಿಸಿಟ್ಟ ಸ್ಥಾನದಲ್ಲಿ ಬಿಗಿ ಮಾಡಿದರೆ ನಡುವಿಗೆ ಬಂದಾಗ ಕಚ್ಚಿಕೊಳ್ಳುತ್ತದೆ. ಬಾಕ್ಸಿಗೆ ಗೇರ್ ಆಯಿಲ್ ಹಾಕಿ, ಗ್ರೀಸ್ ತುರುಕಬೇಡಿ. ಲಿವರ್ ಗ್ರೀಸನ್ನು ಪಕ್ಕಕ್ಕೆ ತಳ್ಳಿಬಿಟ್ಟರೆ ಅದು ವಾಪಸ್ ಹರಿದು ಬರುವುದಿಲ್ಲ, ಕ್ಯಾಮ್ ಒಣಗಿಯೇ ಓಡುತ್ತದೆ.

ಟೋ-ಇನ್ (ಮುಂದಿನ ಎರಡು ಚಕ್ರಗಳ ನಡುವಿನ ಅಂತರ ಹಿಂಬದಿಗಿಂತ ಮುಂಬದಿಯಲ್ಲಿ ಎಷ್ಟು ಕಡಿಮೆ ಎಂಬ ಅಳತೆ) 3/64ರಿಂದ 3/32 ಇಂಚು, ಅಂದರೆ 1.2ರಿಂದ 2.4 ಮಿ.ಮೀ. ಟೈ ರಾಡ್ ಎರಡಿರುವುದರಿಂದ ಒಂದನ್ನೇ ತಿರುಗಿಸಿ ಲೆಕ್ಕ ಕೂರಿಸಿದರೆ ಸ್ಟೇರಿಂಗ್ ಚಕ್ರ ಓರೆ ನಿಲ್ಲುತ್ತದೆ, ಬಾಕ್ಸೂ ನಡುವಿನ ಸ್ಥಾನ ಬಿಟ್ಟು ಓಡುತ್ತದೆ. ಬಾಕ್ಸು, ಬೆಲ್ ಕ್ರ್ಯಾಂಕ್ ಎರಡೂ ನಡುವಿನಲ್ಲಿರುವಾಗ ಎರಡೂ ಬದಿಯನ್ನು ಬೇರೆ ಬೇರೆಯಾಗಿ ಹೊಂದಿಸಿ.

ಪೆಡಲ್ ಹೇಳುವುದು

ಈಗ ಬ್ರೇಕ್. ಇಲ್ಲಿ ಇರುವುದು ಒಂದೇ ಸರ್ಕ್ಯೂಟ್. ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಆದ್ದರಿಂದ ಮೇಲ್ಮೈ ಬಿರುಕು ಬಿಟ್ಟ ಹೋಸನ್ನು ಇನ್ನೊಂದು ವರ್ಷ ನೋಡೋಣ ಎಂದು ಬಿಡುವಂತಿಲ್ಲ.

ಪೆಡಲ್ ತೀರಾ ಕೆಳಗೆ ಹೋಗಿ, ಎರಡು ಮೂರು ಸಲ ತುಳಿದರೆ ಮೇಲೆ ಬಂದು ಗಟ್ಟಿಯಾದರೆ ಡ್ರಮ್ಮನ್ನು ಒಳಗಿನಿಂದ ಒತ್ತುವ ಶೂ ಡ್ರಮ್ಮಿನಿಂದ ದೂರ ಇದೆ, ಅಡ್ಜಸ್ಟ್ ಮಾಡಿ. ಸ್ಪಂಜಿನಂತೆ ಇದ್ದರೆ ಪೈಪಿನಲ್ಲಿ ಗಾಳಿ ಸೇರಿದೆ. ಒತ್ತಿ ಹಿಡಿದಾಗ ನಿಧಾನವಾಗಿ ಇಳಿಯುತ್ತ ಹೋಗಿ, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಪೈಪಿಗೆ ಫ್ಲೂಯಿಡ್ ತಳ್ಳುವ ಸಿಲಿಂಡರ್) ರಬ್ಬರ್ ಕಪ್ ಬಿಟ್ಟುಕೊಡುತ್ತಿದೆ. ಗಾಳಿ ತೆಗೆದಷ್ಟೂ ಮತ್ತೆ ಬಂದರೆ, ಎಲ್ಲೂ ಸೋರದಿದ್ದರೆ, ಮಾಸ್ಟರಿನ ತುದಿಯಲ್ಲಿರುವ ಚೆಕ್ ವಾಲ್ವ್ ನೋಡಿ. ಪೈಪಿನಲ್ಲಿ ಅದು ಉಳಿಸುವ ಅಲ್ಪ ಒತ್ತಡವೇ ಚಕ್ರದಲ್ಲಿ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಕಪ್ಪುಗಳನ್ನು ಗೋಡೆಗೆ ಒತ್ತಿ ಹಿಡಿಯುವುದು.

ಓಡಿದಷ್ಟೂ ಬ್ರೇಕ್ ಹಿಡಿಯುತ್ತ ಹೋಗಿ, ಡ್ರಮ್ ಸುಡುವಷ್ಟು ಬಿಸಿಯಾಗುವುದು ಬೇರೆಯ ದೋಷ. ಪೆಡಲಿಗೆ ಅರ್ಧ ಇಂಚು ಖಾಲಿ ಆಟ ಇದೆಯೇ ನೋಡಿ. ಇಲ್ಲದಿದ್ದರೆ ಮಾಸ್ಟರಿನ ಸಣ್ಣ ವಾಪಸಾತಿ ತೂತು ಕಪ್ಪಿನಿಂದ ಮುಚ್ಚಿಕೊಂಡಿರುತ್ತದೆ, ಬಿಸಿಗೆ ಹಿಗ್ಗಿದ ಫ್ಲೂಯಿಡ್ ಹಿಂದಕ್ಕೆ ಹೋಗಲು ದಾರಿ ಇರುವುದಿಲ್ಲ. ಆಟ ಸರಿಯಿದ್ದೂ ಹಿಡಿಯುತ್ತಿದ್ದರೆ, ಹಿಡಿದಿರುವಾಗಲೇ ಮಾಸ್ಟರಿನಿಂದ ಹೊರಡುವ ಪೈಪಿನ ನಟ್ ಸ್ವಲ್ಪ ಸಡಿಲಿಸಿ. ಚಕ್ರ ಬಿಟ್ಟರೆ ದೋಷ ಮಾಸ್ಟರಿನದು. ಬಿಡದಿದ್ದರೆ ಆ ಚಕ್ರದ ಬ್ಲೀಡರ್ (ಗಾಳಿ ತೆಗೆಯುವ ಸ್ಕ್ರೂ) ತೆರೆಯಿರಿ. ಆಗ ಫ್ಲೂಯಿಡ್ ಚಿಮ್ಮಿ ಚಕ್ರ ಸಡಿಲಾದರೆ ನಡುವಿನ ಹೋಸ್ ಒಳಗೆ ಊದಿಕೊಂಡು ಒಂದು ದಿಕ್ಕಿಗಷ್ಟೇ ಬಿಡುತ್ತಿದೆ. ಹೊರಗಿನಿಂದ ಅದು ಹೊಸದರಂತೆಯೇ ಕಾಣಬಹುದು. ಬ್ಲೀಡರ್ ತೆರೆದರೂ ಬಿಡದಿದ್ದರೆ ಡ್ರಮ್ ಬಿಚ್ಚಿ: ಸಿಲಿಂಡರ್ ತುಕ್ಕು ಹಿಡಿದಿದೆ ಅಥವಾ ರಿಟರ್ನ್ ಸ್ಪ್ರಿಂಗ್ ಸತ್ತಿದೆ.

ಮಾಸ್ಟರ್ ಸಿಲಿಂಡರ್ ಇರುವುದು ಕಾಲಡಿಯ ಹಲಗೆಯ ಕೆಳಗೆ. ಫ್ಲೂಯಿಡ್ ತುಂಬಲು ಫ್ಲೋರಿನಲ್ಲಿ ಸಣ್ಣ ಮುಚ್ಚಳ ಇದೆ. ತೆಗೆಯುವ ಮುನ್ನ ಸುತ್ತಲಿನ ಕೆಸರನ್ನು ಒದ್ದೆ ಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ಚಪ್ಪಲಿಯ ಮಣ್ಣೆಲ್ಲ ಸಿಲಿಂಡರಿಗೆ.

ಡ್ರಮ್ ತೆಗೆದಾಗ

ಶೂ ಮೇಲೆ ಅಂಟಿರುವ ಹಳೆ ಲೈನರಿನಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಹೆಚ್ಚು. ಏರ್ ಹೊಡೆದು ಧೂಳು ಹಾರಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ ಬಟ್ಟೆಯನ್ನೇ ಎಸೆಯಿರಿ.

ಲೈನರ್ ಒದ್ದೆಯಾಗಿದ್ದರೆ ಯಾವ ದ್ರವ ಎಂದು ಮೊದಲು ತಿಳಿಯಿರಿ. ಲೋಟದ ನೀರಿಗೆ ಒಂದು ಹನಿ ಬಿಡಿ. ಬ್ರೇಕ್ ಫ್ಲೂಯಿಡ್ ನೀರಿನಲ್ಲಿ ಬೆರೆತುಹೋಗುತ್ತದೆ, ಗೇರ್ ಆಯಿಲ್ ಮೇಲೆ ತೇಲುತ್ತದೆ, ಜೊತೆಗೆ ಗಂಧಕದ ವಾಸನೆ. ಬ್ರೇಕ್ ಫ್ಲೂಯಿಡ್ ಆದರೆ ವೀಲ್ ಸಿಲಿಂಡರ್. ಗೇರ್ ಆಯಿಲ್ ಆದರೆ ಆಕ್ಸಲ್ ಸೀಲ್. ಆದರೆ ಸೀಲ್ ಬದಲಿಸುವ ಮೊದಲು ಆಕ್ಸಲ್ಲಿನ ಬ್ರೀದರ್ (ಒಳಗಿನ ಗಾಳಿ ಹೊರಹೋಗುವ ಸಣ್ಣ ಕಿಂಡಿ) ಬಿಚ್ಚಿ ಊದಿ ನೋಡಿ. ಕೆಸರು ತುಂಬಿ ಅದು ಕಟ್ಟಿದ್ದರೆ ಬಿಸಿಯಾದ ಆಕ್ಸಲ್ಲಿನ ಒತ್ತಡ ಹೊಸ ಸೀಲಿನಿಂದಲೂ ಎಣ್ಣೆಯನ್ನು ಹೊರಹಾಕುತ್ತದೆ. ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಸುಟ್ಟು ಮತ್ತೆ ಹಾಕುವುದು ಬೇಡ, ಬಿಸಿಯಾದಾಗ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಬದಲಿಸುವುದಾದರೆ ಒಂದೇ ಆಕ್ಸಲ್ಲಿನ ಎರಡೂ ಬದಿ.

ಇದೇ ನೀರಿನ ಪರೀಕ್ಷೆಯನ್ನು ಮಾಸ್ಟರಿನೊಳಗಿನ ಫ್ಲೂಯಿಡಿಗೂ ಮಾಡಿ. ಪದರ ಕಟ್ಟಿದರೆ ಯಾರೋ ಎಂಜಿನ್ ಆಯಿಲ್ಲೋ ಜಾಕಿ ಆಯಿಲ್ಲೋ ಸುರಿದಿದ್ದಾರೆ. (ಡಾಟ್ 5 ದರ್ಜೆಯ ಸಿಲಿಕೋನ್ ಬ್ರೇಕ್ ಫ್ಲೂಯಿಡ್ ಕೂಡ ಬೆರೆಯುವುದಿಲ್ಲ, ಆದರೆ ಇಲ್ಲಿನ ಹಳೆ ಗಾಡಿಗಳಲ್ಲಿ ಅದು ಅಪರೂಪ.) ಖನಿಜ ಎಣ್ಣೆ ತಾಗಿದ ರಬ್ಬರ್ ಊದಿಕೊಳ್ಳುತ್ತದೆ. ಆಗ ಅರ್ಧಂಬರ್ಧ ಕೆಲಸಕ್ಕೆ ಜಾಗವಿಲ್ಲ: ಎಲ್ಲ ರಬ್ಬರ್ ಕಪ್ಪುಗಳು, ಎಲ್ಲ ಹೋಸುಗಳು ಹೊಸದು, ಪೈಪುಗಳನ್ನು ಸ್ಪಿರಿಟ್ಟಿನಿಂದ ತೊಳೆಯಬೇಕು.

ವೀಲ್ ಸಿಲಿಂಡರ್ ಮುಂದೆ 1 ಇಂಚು, ಹಿಂದೆ 3/4 ಇಂಚು. ಅಂಗಡಿಯವರು ನಾಲ್ಕೂ ಒಂದೇ ಎಂದು ಕೊಟ್ಟು, ಹಿಂದೆಯೂ 1 ಇಂಚಿನದು ಕೂತರೆ ಮಳೆಯಲ್ಲಿ ಹಿಂದಿನ ಚಕ್ರ ಮೊದಲೇ ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತದೆ. ಸಿಲಿಂಡರಿನ ಒಳಗೆ ಸಣ್ಣ ತುಕ್ಕಿದ್ದರೆ ಹೋನ್ ಮಾಡಬಹುದು, ಅಂದರೆ ಉಜ್ಜಿ ನಯ ಮಾಡಬಹುದು. ಉಗುರಿಗೆ ಸಿಗುವ ಗುಳಿ ಇದ್ದರೆ ಹೊಸದು ಹಾಕಿ, ಸಿಗದಿದ್ದರೆ ಲೇತ್‌ನವರಲ್ಲಿ ಸ್ಟೇನ್‌ಲೆಸ್ ಸ್ಲೀವ್ ಹಾಕಿಸಿ.

ಡ್ರಮ್ ಗೀರು ಬಿದ್ದಿದ್ದರೆ ಲೇತಿನಲ್ಲಿ ಒಟ್ಟು 0.030 ಇಂಚಿಗಿಂತ ಹೆಚ್ಚು ತೆಗೆಸಬೇಡಿ, ಎಡಬಲ ಸಮ ಇರಲಿ. ಡ್ರಮ್ ದೊಡ್ಡದಾದ ಮೇಲೆ ಮೊದಲಿನ ಶೂ ನಡುವಿನಲ್ಲಷ್ಟೇ ತಾಗುತ್ತದೆ. ಲೈನರಿಗೆ ಸೀಮೆಸುಣ್ಣ ಹಚ್ಚಿ ಡ್ರಮ್ಮಿನೊಳಗೆ ಉಜ್ಜಿ, ಸುಣ್ಣ ಅಳಿದ ಕಡೆ ಅರದಿಂದ ತೆಗೆದು ಮೈ ಕೂರಿಸಿ. ಉದ್ದ ಲೈನರ್ ಇರುವ ಶೂ ಮುಂಬದಿಗೆ, ಗಿಡ್ಡದ್ದು ಹಿಂಬದಿಗೆ. ಒಂದು ಚಕ್ರದಲ್ಲಿ ಇದು ಅದಲುಬದಲಾದರೂ ಸಾಕು, ಎಲ್ಲ ಹೊಸದಾಗಿದ್ದೂ ಗಾಡಿ ಎಳೆಯುತ್ತದೆ.

ಶೂ ಹೊಂದಿಸುವುದು ಎರಡು ಕಡೆ: ಕೆಳಗೆ ಶೂ ಕೂರುವ ಆಂಕರ್ ಪಿನ್, ಮೇಲೆ ತಿರುಗಿಸಿದಂತೆ ಶೂವನ್ನು ಡ್ರಮ್ಮಿನತ್ತ ಸರಿಸುವ ಎಕ್ಸೆಂಟ್ರಿಕ್. ಫೀಲರ್ ಗೇಜಿನಲ್ಲಿ ಕೆಳತುದಿಗೆ 0.005 ಇಂಚು, ಮೇಲ್ತುದಿಗೆ 0.008 ಇಂಚು ಸಂದು ಬಿಡಿ. ಹೊಸ ಲೈನರ್ ಹಾಕಿದಾಗ ಆಂಕರ್ ಪಿನ್ ಹೊಂದಿಸದೆ ಮೇಲಿನದನ್ನಷ್ಟೇ ತಿರುಗಿಸಿದರೆ ಲೈನರಿನ ತುದಿ ಮಾತ್ರ ಕಚ್ಚಿ ಕಿರುಚುತ್ತದೆ. ಮುಂದೆ ಲೈನರ್ ಸವೆದಂತೆ ಮೇಲಿನ ಎಕ್ಸೆಂಟ್ರಿಕ್ ಒಂದೇ ಸಾಕು.

ಗಾಳಿ ತೆಗೆಯುವುದು, ಓಡಿಸಿ ನೋಡುವುದು

ಡಾಟ್ 3 ಫ್ಲೂಯಿಡ್, ಸೀಲ್ ಒಡೆಯದ ಡಬ್ಬ. ಪೂರ್ತಿ ತೊಳೆದು ತುಂಬಲು 1 ಲೀಟರ್ ಇಟ್ಟುಕೊಳ್ಳಿ. ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ನೀರು ಹೀರಿಕೊಂಡಾಗ ಈ ಮಟ್ಟ 140ರ ಆಸುಪಾಸಿಗೆ ಇಳಿಯುತ್ತದೆ. ಮಲೆನಾಡಿನ ತೇವದಲ್ಲಿ ವರ್ಷಗಟ್ಟಲೆ ಅದೇ ಫ್ಲೂಯಿಡ್ ಇಟ್ಟುಕೊಂಡು ಘಾಟಿ ಇಳಿದರೆ, ಅದು ಕುದ್ದು ಆವಿಯಾಗಿ ಪೆಡಲ್ ಒಮ್ಮೆಲೇ ಹಲಗೆಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಮಾಸ್ಟರಿನಿಂದ ಅತಿ ದೂರದ ಚಕ್ರದಿಂದ ಶುರು ಮಾಡಿ. ಬಲಗಡೆ ಸ್ಟೇರಿಂಗಿನ ನಮ್ಮ ಗಾಡಿಗಳಲ್ಲಿ ಸಾಮಾನ್ಯವಾಗಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಬ್ಲೀಡರಿಗೆ ಪಾರದರ್ಶಕ ಟ್ಯೂಬ್ ಹಾಕಿ, ಅದರ ತುದಿ ಬಾಟಲಿಯ ಫ್ಲೂಯಿಡಿನಲ್ಲಿ ಮುಳುಗಿರಲಿ. ಪೆಡಲನ್ನು ನಿಧಾನಕ್ಕೆ ಒತ್ತಿಸಿ, ಕೆಳಗಿರುವಾಗಲೇ ಬ್ಲೀಡರ್ ಮುಚ್ಚಿ, ಆಮೇಲೆ ಬಿಡಿಸಿ. ದಡದಡನೆ ತುಳಿದರೆ ಗಾಳಿ ಸಣ್ಣ ನೊರೆಯಾಗಿ ಒಡೆದು ಹೊರಬರುವುದೇ ಇಲ್ಲ. ಪ್ರತಿ ಚಕ್ರ ಮುಗಿದ ಮೇಲೆ ಮಾಸ್ಟರಿನ ಮಟ್ಟ ನೋಡಿ, ಅದು ಒಮ್ಮೆ ಖಾಲಿಯಾದರೆ ಮೊದಲಿನಿಂದ ಶುರು.

ಮೊದಲ ಓಟ ಖಾಲಿ, ಸಮತಟ್ಟು ರಸ್ತೆಯಲ್ಲಿ 20 ಕಿ.ಮೀ. ವೇಗದಲ್ಲಿ. ಸ್ಟೇರಿಂಗನ್ನು ಹಗುರಾಗಿ ಹಿಡಿದು ಬ್ರೇಕ್ ತುಳಿಯಿರಿ. ನೇರ ನಿಂತರೆ 40ಕ್ಕೆ ಹೋಗಿ. ನಾಲ್ಕೈದು ಕಿ.ಮೀ. ಓಡಿಸಿ, ಬ್ರೇಕ್ ಹೆಚ್ಚು ಬಳಸದೆ ನಿಲ್ಲಿಸಿ, ಡ್ರಮ್ಮುಗಳ ಮೇಲೆ ನೀರು ಚಿಮುಕಿಸಿ. ಒಂದರ ಮೇಲೆ ಮಾತ್ರ ಚುಯ್ ಎಂದು ಆವಿ ಎದ್ದರೆ ಆ ಶೂ ಇನ್ನೂ ಉಜ್ಜುತ್ತಿದೆ. ಹೊಸ ಲೈನರ್ ಕೂರುವವರೆಗೆ ಕೊಡಚಾದ್ರಿಯಂಥ ಇಳಿಜಾರಿಗೆ ಭಾರ ಹಾಕಿಕೊಂಡು ಹೋಗಬೇಡಿ. ಹೋದಾಗಲೂ ಲೋ ರೇಂಜಿನಲ್ಲಿ ಎಂಜಿನ್ನಿನ ಹಿಡಿತದ ಮೇಲೆ ಇಳಿಸಿ. ಸುಮಾರು 100 ಕಿ.ಮೀ. ಆದಮೇಲೆ ಯು-ಬೋಲ್ಟ್, ಕಿಂಗ್ ಪಿನ್ ಕ್ಯಾಪ್ ಬೋಲ್ಟ್, ವೀಲ್ ನಟ್ಟುಗಳನ್ನು ಮತ್ತೆ ಬಿಗಿ ನೋಡಿ, ಶೂಗಳ ಎಕ್ಸೆಂಟ್ರಿಕ್ ಇನ್ನೊಮ್ಮೆ ಹೊಂದಿಸಿ.